ಕಕ್ಷೆಯಲ್ಲಿ ಏಕಾಂತ ಮಾರಾಟಕ್ಕಿಲ್ಲ

ಕೋಟ್ಯಧೀಶರ ಲೋಕದಲ್ಲಿ ಯಾರ ಕಣ್ಣಿಗೂ ಬೀಳದೆ ಇರುವುದಕ್ಕೆ ಬಲು ಬೆಲೆ. ನಡುಗಡಲಿನ ಖಾಸಗಿ ದ್ವೀಪ, ಹಿಂಬಾಗಿಲಿನಿಂದಲೇ ಕಾರು ಒಳಹೋಗುವ ಹೋಟೆಲ್, ಯಾವುದೋ ಟ್ರಸ್ಟಿನ ಹೆಸರಿನಲ್ಲಿ ಕೊಂಡ ಬಂಗಲೆ, ಎಲ್ಲವೂ ಆ ಬೆಲೆಗೆ ಸಿಗುವ ಸರಕುಗಳೇ. ಅಮೆರಿಕದಲ್ಲಂತೂ ಖಾಸಗಿ ಜೆಟ್‌ಗಳ ಮಾಲೀಕರು ತಮ್ಮ ವಿಮಾನದ ಗುರುತು ಹಾರಾಟ ತೋರಿಸುವ ಜಾಲತಾಣಗಳಲ್ಲಿ ಕಾಣದಂತೆ ಮಾಡಿಕೊಡಿ ಎಂದು ವಿಮಾನಯಾನ ಇಲಾಖೆಗೇ ಅರ್ಜಿ ಹಾಕಬಹುದು. ಈ ಏಣಿಯ ಮೇಲಿನ ಮೆಟ್ಟಿಲು ಎಂಬಂತೆ ಈಗ ಖಾಸಗಿ ಬಾಹ್ಯಾಕಾಶ ನಿಲ್ದಾಣವನ್ನು ತೋರಿಸಲಾಗುತ್ತಿದೆ. ಭೂಮಿಯಿಂದ ನಾನೂರು ಕಿಲೋಮೀಟರ್ ಎತ್ತರ, ಬೆರಳೆಣಿಕೆಯ ಅತಿಥಿಗಳು, ಮರದ ಹೊದಿಕೆಯ ಗೋಡೆ, ಗುಮ್ಮಟದಂಥ ಕಿಟಕಿ, ಕೆಳಗೆ ತಿರುಗುವ ಭೂಮಿ. ಅಲ್ಲಿಗೆ ಯಾವ ಕ್ಯಾಮೆರಾದವನು ಬಂದಾನು? ಜನರಿಂದ ದೂರ ಹೋದಷ್ಟೂ ಏಕಾಂತ ಹೆಚ್ಚುತ್ತದೆ ಎಂಬ ಲೆಕ್ಕ ಇದರ ಹಿಂದಿದೆ. ನೆಲದ ಮೇಲೆ ಅದು ನಿಜವೂ ಹೌದು. ಕಕ್ಷೆಗೆ ಹೋದೊಡನೆ ಆ ಲೆಕ್ಕ ತಲೆಕೆಳಗಾಗುತ್ತದೆ. ಮನುಷ್ಯ ಕಟ್ಟಿರುವ ಮನೆಗಳಲ್ಲೆಲ್ಲ ಅತಿ ಹೆಚ್ಚು ಕಣ್ಣುಗಳು ನೆಟ್ಟಿರುವ ಮನೆ ಬಾಹ್ಯಾಕಾಶ ನಿಲ್ದಾಣ. ಆ ಕಣ್ಣುಗಳನ್ನು ತೆಗೆದರೆ ಒಳಗಿರುವವರು ಬದುಕುವುದು ಕಷ್ಟ.

ಕಕ್ಷೆಯ ಹೋಟೆಲ್ ಎಂಬ ಕನಸಿಗೆ ಅರ್ಧ ಶತಮಾನಕ್ಕೂ ಮೀರಿದ ವಯಸ್ಸು. 1967ರಲ್ಲಿ ಹಿಲ್ಟನ್ ಹೋಟೆಲ್‌ಗಳ ಬ್ಯಾರನ್ ಹಿಲ್ಟನ್ ವಿಜ್ಞಾನಿಗಳ ಸಭೆಯೊಂದರಲ್ಲಿ ನಿಂತು ಚಂದ್ರನ ಮೇಲೆ ತಮ್ಮ ಹೋಟೆಲ್ ಹೇಗಿರುತ್ತದೆ ಎಂದು ವಿವರಿಸಿದ್ದರು. ಮರುವರ್ಷದಿಂದ ಪ್ಯಾನ್ ಆಮ್ ವಿಮಾನ ಸಂಸ್ಥೆ ಚಂದ್ರಯಾನಕ್ಕೆ ಹೆಸರು ಬರೆದುಕೊಳ್ಳತೊಡಗಿತು. 1971ರ ಹೊತ್ತಿಗೆ ತೊಂಬತ್ತು ಸಾವಿರಕ್ಕೂ ಹೆಚ್ಚು ಜನ ಪಟ್ಟಿಯಲ್ಲಿದ್ದರು. ಚಂದ್ರನಿಗೆ ಹೋಗುವ ಮೊದಲೇ ಆ ಸಂಸ್ಥೆ ಮುಚ್ಚಿತು. 2007ರಲ್ಲಿ ಬಾರ್ಸಿಲೋನಾದ ಗ್ಯಾಲಕ್ಟಿಕ್ ಸ್ವೀಟ್ ಎಂಬ ಕಂಪನಿ 2012ಕ್ಕೆ ಬಾಗಿಲು ತೆರೆಯುತ್ತೇವೆ ಎಂದಿತು. 2018ರಲ್ಲಿ ಕ್ಯಾಲಿಫೋರ್ನಿಯಾದ ಒರಾಯನ್ ಸ್ಪ್ಯಾನ್, ಅರೋರಾ ಎಂಬ ಐಷಾರಾಮಿ ನಿಲ್ದಾಣದಲ್ಲಿ 12 ದಿನದ ವಾಸಕ್ಕೆ 95 ಲಕ್ಷ ಡಾಲರ್ ಎಂದು ದರ ಸಾರಿ, 80,000 ಡಾಲರ್ ಮುಂಗಡ ಪಡೆದು, 2021ರಲ್ಲಿ ಮುಂಗಡ ಹಿಂದಿರುಗಿಸಿ ಅಂಗಡಿ ಮುಚ್ಚಿತು. ಇವರೆಲ್ಲರಿಗಿಂತ ಗಟ್ಟಿಗ ರಾಬರ್ಟ್ ಬಿಗೆಲೋ. ಬಾಡಿಗೆ ವಸತಿಗೃಹಗಳ ಸರಪಳಿಯಿಂದ ಹಣ ಮಾಡಿದ ಈತ ಗಾಳಿ ತುಂಬಿ ಹಿಗ್ಗಿಸುವ ಎರಡು ಕೋಶಗಳನ್ನು 2006 ಮತ್ತು 2007ರಲ್ಲಿ ನಿಜಕ್ಕೂ ಕಕ್ಷೆಗೆ ಕಳಿಸಿದರು. 2016ರಲ್ಲಿ ಅಂಥದೇ ಇನ್ನೊಂದು ಕೋಶ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಅಂಟಿಕೊಂಡಿತು. 2020ರ ಮಾರ್ಚ್‌ನಲ್ಲಿ ಕಂಪನಿಯ ನೌಕರರೆಲ್ಲ ಮನೆಗೆ ಹೋದರು. ಹೋಟೆಲ್ ಉದ್ಯಮಿಯೊಬ್ಬರು ಕಕ್ಷೆಗೆ ಏರಿಸಿದ ಆ ಕೋಣೆ ಕೊನೆಗೆ ನಿಲ್ದಾಣದ ಸಾಮಾನು ಇಡುವ ಗೋದಾಮಾಯಿತು.

ಈಗಿನ ಸುತ್ತಿನ ಆಟಗಾರರು ಇವರಿಗಿಂತ ಗಂಭೀರರು ಎಂದು ಒಪ್ಪಬೇಕು. ಹೂಸ್ಟನ್ನಿನ ಆಕ್ಸಿಯಮ್ ಸ್ಪೇಸ್ ತನ್ನ ನಿಲ್ದಾಣದ ಒಳಾಂಗಣಕ್ಕೆ ಫ್ರಾನ್ಸಿನ ಹೆಸರಾಂತ ವಿನ್ಯಾಸಕ ಫಿಲಿಪ್ ಸ್ಟಾರ್ಕ್ ಅವರನ್ನು ಕರೆತಂದಿತು. ಸ್ಟಾರ್‌ಲ್ಯಾಬ್ ಯೋಜನೆ 2022ರಲ್ಲಿ ಹಿಲ್ಟನ್ನನ್ನೇ ಜತೆಗೆ ಸೇರಿಸಿಕೊಂಡಿತು. ಕ್ರಿಪ್ಟೋ ನಾಣ್ಯಗಳಿಂದ ಸಿರಿವಂತರಾದ ಜೆಡ್ ಮೆಕೇಲಬ್ ಸ್ಥಾಪಿಸಿದ ವಾಸ್ಟ್ ಕಂಪನಿ ಕಟ್ಟುತ್ತಿರುವ ಹೇವನ್-1 ಇವುಗಳಲ್ಲಿ ಹೆಚ್ಚು ಮುಂದುವರಿದಿದೆ. ಮೇಪಲ್ ಮರದ ಪಟ್ಟಿ, ನಾಲ್ವರಿಗೆ ನಾಲ್ಕು ಖಾಸಗಿ ಮಲಗುವ ಗೂಡು, ತೇಲುವ ದೇಹವನ್ನು ಮೆಲ್ಲಗೆ ಒತ್ತಿಹಿಡಿಯುವ ಗಾಳಿಹಾಸಿಗೆ, ಸ್ಟಾರ್‌ಲಿಂಕ್ ಇಂಟರ್‌ನೆಟ್. ಮೊದಲು 2025ರ ಆಗಸ್ಟ್ ಎಂದಿದ್ದ ಉಡಾವಣೆ ಆಮೇಲೆ ಮುಂದಕ್ಕೆ ಹೋಗಿದೆ. ಈ ಉದ್ಯಮದಲ್ಲಿ ಅದು ಅಚ್ಚರಿಯಲ್ಲ. ಗಮನಿಸಬೇಕಾದದ್ದು ಅದರ ಅಳತೆ. ವಾಸಯೋಗ್ಯ ಜಾಗ 45 ಘನ ಮೀಟರ್. ಹದಿನೈದು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಕೋಣೆಗಿಂತ ತುಸುವೇ ಹೆಚ್ಚು. ಹತ್ತು ದಿನ ನಾಲ್ವರ ಊಟ, ನಿದ್ದೆ, ವ್ಯಾಯಾಮ, ವಾಂತಿ, ಶೌಚ ಎಲ್ಲ ಅಷ್ಟರೊಳಗೇ ನಡೆಯಬೇಕು. ನೆಲದ ಮೇಲೆ ಇಷ್ಟು ಇಕ್ಕಟ್ಟಿನಲ್ಲಿ ಮೂವರು ಅಪರಿಚಿತರ ಜತೆ ಇರಲು ಯಾವ ಸಿರಿವಂತ ಒಪ್ಪಿಯಾನು?

ಜಾಗ ಚಿಕ್ಕದಾದರೇನು, ಬಾಗಿಲು ಹಾಕಿಕೊಂಡರಾಯಿತು ಎನ್ನಬಹುದು. ಕಕ್ಷೆಯಲ್ಲಿ ಗಾಳಿಯೇ ಅದಕ್ಕೆ ಅಡ್ಡಿ. ಭೂಮಿಯ ಮೇಲೆ ನಾವು ಬಿಟ್ಟ ಬಿಸಿ ಉಸಿರು ತಾನಾಗಿ ಮೇಲೇಳುತ್ತದೆ, ಅದರ ಜಾಗಕ್ಕೆ ತಣ್ಣನೆಯ ಗಾಳಿ ಬರುತ್ತದೆ. ತೂಕವಿಲ್ಲದ ಸ್ಥಿತಿಯಲ್ಲಿ ಹಗುರ ಗಾಳಿ, ಭಾರದ ಗಾಳಿ ಎಂಬ ಭೇದವೇ ಇಲ್ಲ. ಮಲಗಿದವನ ಉಸಿರು ಅವನ ಮೂಗಿನ ಮುಂದೆಯೇ ನಿಲ್ಲುತ್ತದೆ. ಬೀಸಣಿಗೆ ನಿಂತರೆ ತನ್ನದೇ ಇಂಗಾಲದ ಡೈಆಕ್ಸೈಡನ್ನು ಮತ್ತೆ ಮತ್ತೆ ಸೇದುತ್ತ ತಲೆನೋವಿನಿಂದ ಎಚ್ಚರಗೊಳ್ಳುತ್ತಾನೆ, ಹಾಗೆಯೇ ಬಿಟ್ಟರೆ ಎಚ್ಚರಗೊಳ್ಳದೆಯೂ ಇರಬಹುದು. ಹಾಗಾಗಿ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ದೂರವಾಣಿ ಪೆಟ್ಟಿಗೆಯಷ್ಟಿರುವ ಮಲಗುವ ಗೂಡುಗಳಲ್ಲೂ ಗಾಳಿ ಹಗಲಿರುಳು ನುಗ್ಗುತ್ತಲೇ ಇರಬೇಕು, ಫ್ಯಾನು ಮೊರೆಯುತ್ತಲೇ ಇರಬೇಕು. ಪೂರ್ತಿ ಮುಚ್ಚಿದ, ಪೂರ್ತಿ ನಿಶ್ಶಬ್ದವಾದ ಕೋಣೆ ಅಲ್ಲಿ ಗೋರಿಗೆ ಸಮ. ಒಬ್ಬನ ವಾಸನೆ, ಕೆಮ್ಮು, ಮಾತು ಆ ಗಾಳಿಯೊಡನೆ ಎಲ್ಲರ ಬಳಿಗೂ ಹೋಗುತ್ತದೆ. ಅಂತರರಾಷ್ಟ್ರೀಯ ನಿಲ್ದಾಣದ ಅಮೆರಿಕನ್ ಭಾಗದಲ್ಲಿ ಮೂತ್ರ, ಬೆವರು, ಉಸಿರಿನ ತೇವ ಎಲ್ಲವನ್ನೂ ಹಿಡಿದು ಕುಡಿಯುವ ನೀರಾಗಿ ಮಾರ್ಪಡಿಸುತ್ತಾರೆ. 2023ರಲ್ಲಿ ಈ ಮರುಬಳಕೆ ಶೇ 98ಕ್ಕೆ ಮುಟ್ಟಿತು. ಶ್ರೀಮಂತರ ಬಂಗಲೆಗಳ ನಡುವೆ ಹತ್ತಾರು ಎಕರೆ ಅಂತರವಿರುತ್ತದೆ, ಇಲ್ಲಿ ಪಕ್ಕದವನ ಬೆವರು ನಾಳಿದ್ದಿನ ಕಾಫಿ.

ನೆಲದ ಮೇಲಿನ ಐಷಾರಾಮಕ್ಕೆ ಇನ್ನೊಂದು ಆಧಾರವಿದೆ, ಕಣ್ಣಿಗೆ ಕಾಣದ ಕೆಲಸದವರು. ಅತಿಥಿ ಹೊರಗೆ ಹೋದಾಗ ಹಾಸಿಗೆ ಸರಿಯಾಗಿರುತ್ತದೆ, ಕೇಳುವ ಮೊದಲೇ ಊಟ ಬಂದಿರುತ್ತದೆ. ಮಾಡಿದವರ ಮುಖ ಕಾಣಬೇಕಿಲ್ಲ. ಏಕಾಂತವೆಂದು ಮಾರಾಟವಾಗುವುದರಲ್ಲಿ ದೊಡ್ಡ ಪಾಲು ಈ ಅದೃಶ್ಯ ಸೇವೆಯದೇ. ಕಕ್ಷೆಗೆ ಮನುಷ್ಯರನ್ನು ಒಯ್ಯುವ ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್ ನೌಕೆಯಲ್ಲಿ ಆಸನ ನಾಲ್ಕೇ. ಆಕ್ಸಿಯಮ್‌ನ 2022ರ ಮೊದಲ ಯಾನದಲ್ಲಿ ಒಂದೊಂದು ಆಸನಕ್ಕೆ 5.5 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ ನಾನೂರು ಕೋಟಿ ರೂಪಾಯಿಗೂ ಮಿಗಿಲು ಎಂದು ಪ್ರಕಟವಾಗಿತ್ತು. ಆ ದರದಲ್ಲಿ ಬಟ್ಲರನನ್ನು ಜತೆಗೆ ಕರೆದೊಯ್ಯುವ ಮಾತೇ ಇಲ್ಲ. 2021ರ ಡಿಸೆಂಬರ್‌ನಲ್ಲಿ 12 ದಿನಗಳ ಯಾನ ಮಾಡಿದ ಜಪಾನಿನ ಯುಸಾಕು ಮೇಜಾವಾ ತಮ್ಮ ಸಹಾಯಕರಿಗೂ ಆಸನ ಕೊಂಡರು, ನಿಜ; ಆದರೆ ಸಹಾಯಕರು ಹೋದದ್ದು ಕ್ಯಾಮೆರಾ ಹಿಡಿದು ಯಜಮಾನರ ವಿಡಿಯೋ ತೆಗೆಯಲು. ಉಳಿದ ಕೆಲಸ ಅತಿಥಿಯದೇ. ಊಟ ತಾನೇ ಕಲಸಿಕೊಳ್ಳಬೇಕು, ಕಸ ತಾನೇ ಕಟ್ಟಬೇಕು, ಬೆಂಕಿಯ ಗಂಟೆ ಬಾರಿಸಿದರೆ ಮುಖವಾಡ ತಾನೇ ತೊಟ್ಟುಕೊಳ್ಳಬೇಕು. ಅದಕ್ಕಾಗಿ ತಿಂಗಳುಗಟ್ಟಲೆ ತರಬೇತಿ, ಅದಕ್ಕೂ ಮೊದಲು ಮೈಯ ಇಂಚಿಂಚೂ ವೈದ್ಯರ ಮುಂದೆ. ಶೌಚಾಲಯದ ವಿಷಯ ಕೇಳುವುದೇ ಬೇಡ: ಡ್ರ್ಯಾಗನ್‌ನಲ್ಲಿ ಅದಕ್ಕಿರುವ ಮರೆ ಒಂದು ಪರದೆ, ಬೆಂಗಳೂರು–ಹುಬ್ಬಳ್ಳಿ ಸ್ಲೀಪರ್ ಬಸ್ಸಿನ ಪರದೆಯ ಹಾಗೆ.

ಆ ಶೌಚಾಲಯದ್ದೇ ಒಂದು ಕಥೆಯಿದೆ, ನನ್ನ ವಾದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಜೇರೆಡ್ ಐಸಾಕ್‌ಮನ್ ಎಂಬ ಉದ್ಯಮಿ ಇಡೀ ಡ್ರ್ಯಾಗನ್ ನೌಕೆಯನ್ನು ಗೊತ್ತುಮಾಡಿ ಇನ್ನೂ ಮೂವರೊಡನೆ ಮೂರು ದಿನ ಭೂಮಿಯನ್ನು ಸುತ್ತಿದರು. ಇನ್‌ಸ್ಪಿರೇಷನ್-4 ಎಂದು ಅದರ ಹೆಸರು. ಸರ್ಕಾರಿ ಗಗನಯಾತ್ರಿ ಒಬ್ಬರೂ ಇರಲಿಲ್ಲ, ನಿಲ್ದಾಣಕ್ಕೂ ಹೋಗಲಿಲ್ಲ; ಖಾಸಗಿ ಎಂದರೆ ಇದಕ್ಕಿಂತ ಖಾಸಗಿ ಇನ್ನೇನು? ಅಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿತು. ಇಳಿದು ಬಂದ ಮೇಲೆ ಬಿಚ್ಚಿ ನೋಡಿದರೆ ಮೂತ್ರದ ಕೊಳವೆಯೊಂದು ಕಳಚಿ, ಹೋಗಬೇಕಾದ ತೊಟ್ಟಿಯ ಬದಲು ನೌಕೆಯ ನೆಲದಡಿಗೆ ಮೂತ್ರ ಹರಡಿತ್ತು. ಹಣ ಕೊಟ್ಟವರಿಗೆ ಇದು ಮುಜುಗರದ ಸಂಗತಿ. ದ್ವೀಪದ ರೆಸಾರ್ಟಿನಲ್ಲಾಗಿದ್ದರೆ ಕೊಳಾಯಿ ಕೆಲಸದವನಿಗೆ ಮಾತ್ರ ಗೊತ್ತಾಗುತ್ತಿತ್ತು. ಆದರೆ ಅದೇ ವೇಳೆಗೆ ಅದೇ ಮಾದರಿಯ ಇನ್ನೊಂದು ಡ್ರ್ಯಾಗನ್ ನಾಲ್ವರು ಗಗನಯಾತ್ರಿಗಳು ಮರಳಿ ಬರಲೆಂದು ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಕಟ್ಟಿಕೊಂಡು ನಿಂತಿತ್ತು. ಅದರ ನೆಲದಡಿಯಲ್ಲೂ ಹುಡುಕಿದರು, ಅಲ್ಲೂ ಸೋರಿತ್ತು. ವಾಸನೆ ತಡೆಯಲು ಬೆರೆಸಿದ ರಾಸಾಯನಿಕದೊಡನೆ ಸೇರಿದ ಮೂತ್ರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆಯೇ ಎಂದು ನೆಲದ ಮೇಲೆ ಲೋಹವನ್ನು ನೆನೆಹಾಕಿ ಪರೀಕ್ಷಿಸಿದರು. ತಿನ್ನುವುದಿಲ್ಲ ಎಂದು ಖಾತ್ರಿಯಾದ ಮೇಲೂ ಆ ನಾಲ್ವರು ನವೆಂಬರ್‌ನಲ್ಲಿ ಮರಳುವಾಗ ಶೌಚಾಲಯ ಬಳಸದೆ ಡಯಾಪರ್ ತೊಟ್ಟೇ ಬಂದರು. ಮುಂದಿನ ನೌಕೆಯಲ್ಲಿ ಕೊಳವೆಗಳನ್ನು ಬೆಸುಗೆ ಹಾಕಿದ ಹೊಸ ವಿನ್ಯಾಸ ಬಂತು. ಐಸಾಕ್‌ಮನ್ ಜಾಗದಲ್ಲಿ ಗೌಪ್ಯತೆಯ ಕರಾರಿಗೆ ಸಹಿ ಹಾಕಿಸಿಕೊಂಡ ಅತಿಥಿಯೊಬ್ಬರು ಇದ್ದಿದ್ದರೆ, ಆ ಕರಾರನ್ನು ಕಂಪನಿ ಅಕ್ಷರಶಃ ಪಾಲಿಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಬೇಕು. ಜಗತ್ತಿನಲ್ಲಿ ಇಂಥ ನೌಕೆಗಳು ಕೆಲವೇ ಕೆಲವು ಇರುವಾಗ ಒಬ್ಬರ ನೌಕೆಯ ಗುಟ್ಟು ಇನ್ನೊಬ್ಬರ ನೌಕೆಯ ಅಪಾಯ.

ದೇಹದ ವಿಷಯಕ್ಕೆ ಬಂದರೆ ಸಂಕಟ ಇನ್ನೂ ಸೂಕ್ಷ್ಮ. ಗಗನಯಾತ್ರಿಗಳಿಗೆ ವೈದ್ಯರೊಡನೆ ಗುಟ್ಟಾಗಿ ಮಾತಾಡುವ ವ್ಯವಸ್ಥೆ ಇದೆ, ಆ ಹೊತ್ತಿನಲ್ಲಿ ಬೇರೆ ಯಾರೂ ಕೇಳಿಸಿಕೊಳ್ಳುವಂತಿಲ್ಲ. ನಾಸಾ ಈ ಗುಟ್ಟನ್ನು ಕಟ್ಟುನಿಟ್ಟಾಗಿ ಕಾಪಾಡುತ್ತದೆ. 2024ರ ಅಕ್ಟೋಬರ್‌ನಲ್ಲಿ ಮರಳಿದ ನಾಲ್ವರಲ್ಲಿ ಒಬ್ಬರು ಫ್ಲಾರಿಡಾದ ಆಸ್ಪತ್ರೆಯಲ್ಲಿ ಒಂದು ರಾತ್ರಿ ಉಳಿದಾಗ ಹೆಸರು ಹೇಳಲಿಲ್ಲ. 2026ರ ಜನವರಿಯಲ್ಲಿ ಒಬ್ಬರ ಆರೋಗ್ಯದ ಕಾರಣಕ್ಕೆ ಇಡೀ ಕ್ರೂ-11 ತಂಡವನ್ನು ಅವಧಿಗೆ ಮೊದಲೇ ಕೆಳಗಿಳಿಸಿದಾಗಲೂ ಹೇಳಲಿಲ್ಲ. ನಿಲ್ದಾಣದ ಇತಿಹಾಸದಲ್ಲಿ ವೈದ್ಯಕೀಯ ಕಾರಣಕ್ಕೆ ಇಂಥ ವಾಪಸಾತಿ ಅದೇ ಮೊದಲು. ಆದರೆ ನಾಲ್ವರಲ್ಲಿ ಒಬ್ಬರು ಎಂದ ಮೇಲೆ ಇಡೀ ಜಗತ್ತು ನಾಲ್ಕು ಮುಖಗಳನ್ನು ದಿಟ್ಟಿಸಿ ನೋಡುತ್ತದೆ. 2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಒಂದು ವರದಿ ಪ್ರಕಟಿಸಿತು: ನಿಲ್ದಾಣದಲ್ಲಿದ್ದ ಒಬ್ಬ ಗಗನಯಾತ್ರಿಯ ಕುತ್ತಿಗೆಯ ರಕ್ತನಾಳದಲ್ಲಿ ಹೆಪ್ಪು. ಯಾವ ತೊಂದರೆಯೂ ಕಾಣಿಸಿರಲಿಲ್ಲ, ಸಂಶೋಧನೆಗೆಂದು ಮಾಡಿಕೊಂಡ ಅಲ್ಟ್ರಾಸೌಂಡ್‌ನಲ್ಲಿ ಸಿಕ್ಕಿತು, ಮೇಲಿದ್ದ ಅಲ್ಪ ಔಷಧವನ್ನು ಲೆಕ್ಕ ಹಾಕಿ ಬಳಸಿ ಚಿಕಿತ್ಸೆ ನಡೆಸಿದರು. ವರದಿಯಲ್ಲಿ ಹೆಸರಿಲ್ಲ, ಯಾನದ ದಿನಾಂಕವಿಲ್ಲ, ಗಂಡೋ ಹೆಣ್ಣೋ ಎಂಬುದೂ ಇಲ್ಲ. ಅಷ್ಟು ಎಚ್ಚರ ವಹಿಸಿದರೂ ಮರುವರ್ಷ ರಷ್ಯಾದ ಸರ್ಕಾರಿ ಸುದ್ದಿಸಂಸ್ಥೆ ತಾಸ್, ಹೆಸರಿಲ್ಲದ ಮೂಲವೊಂದನ್ನು ಉಲ್ಲೇಖಿಸಿ ಆ ಕಾಯಿಲೆಯನ್ನು ಒಬ್ಬ ಮಹಿಳಾ ಗಗನಯಾತ್ರಿಗೆ ಅಂಟಿಸಿ, 2018ರಲ್ಲಿ ಸೋಯುಜ್ ನೌಕೆಯಲ್ಲಿ ಕಂಡ ರಂಧ್ರಕ್ಕೆ ಆಕೆಯ ಮನಃಸ್ಥಿತಿಯೇ ಕಾರಣವಿರಬಹುದೆಂಬ ಗುಮಾನಿಯನ್ನೂ ತೂರಿತು. ಆ ಆರೋಪವನ್ನು ನಾಸಾ ತಳ್ಳಿಹಾಕಿತು, ಆದರೆ ಹೆಸರು ಹೊರಬಿದ್ದಾಗಿತ್ತು. ಎಂಟು ನೂರು ಕೋಟಿ ಜನರಲ್ಲಿ ಒಬ್ಬ ರೋಗಿಯನ್ನು ಅಡಗಿಸಿಡಬಹುದು, ಕಕ್ಷೆಯಲ್ಲಿರುವ ಹತ್ತು ಹನ್ನೆರಡು ಜನರಲ್ಲಿ ಅಡಗಿಸುವುದು ಹೇಗೆ?

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಈವರೆಗೆ ಹೋದ ಸಿರಿವಂತರೆಲ್ಲ ತಾವಾಗಿ ಪ್ರಚಾರ ಬಯಸಿದವರು. 2001ರಲ್ಲಿ ಸುಮಾರು ಎರಡು ಕೋಟಿ ಡಾಲರ್ ಕೊಟ್ಟು ಮೊದಲಿಗರಾಗಿ ಹೋದ ಡೆನಿಸ್ ಟಿಟೊ ಅವರಿಂದ ಹಿಡಿದು ಕೆಂಪು ಕೋಡಂಗಿ ಮೂಗು ತೊಟ್ಟು ಹೋದ ಸರ್ಕಸ್ ಉದ್ಯಮಿ ಗೀ ಲಾಲಿಬರ್ಟೆ, ನೆಟ್‌ಫ್ಲಿಕ್ಸ್ ಸಾಕ್ಷ್ಯಚಿತ್ರಕ್ಕೆ ಒಪ್ಪಿದ ಐಸಾಕ್‌ಮನ್ ತನಕ. ಗುಟ್ಟು ಬಯಸುವವರು ಇನ್ನೂ ಹೋಗಿಲ್ಲ. ಅಂಥವರು ಬಂದಾಗ ಕಂಪನಿ ಇಡೀ ನಿಲ್ದಾಣವನ್ನೇ ಗೊತ್ತುಮಾಡಿಕೊಟ್ಟು, ಪ್ರಯಾಣಿಕರ ಪಟ್ಟಿ ಪ್ರಕಟಿಸದೆ, ನೌಕರರ ಬಾಯಿಗೆ ಬೀಗ ಹಾಕಿಸಬಹುದಲ್ಲ? ತಕ್ಕಮಟ್ಟಿಗೆ ಸಾಧ್ಯ. ಹೆಸರೊಂದನ್ನು ಕೆಲವು ವಾರ ಅಡಗಿಸಿಡಲು ಆದೀತು. ಆದರೆ ನೌಕೆಯನ್ನು ಅಡಗಿಸಲಾಗದು. ಕಕ್ಷೆಯ ವಸ್ತುಗಳ ಪಟ್ಟಿಯನ್ನು ಅಮೆರಿಕದ ಸೇನೆಯೇ ಸಾರ್ವಜನಿಕವಾಗಿ ಇಡುತ್ತದೆ, 1975ರ ನೋಂದಣಿ ಒಪ್ಪಂದದ ಪ್ರಕಾರ ಉಡಾಯಿಸಿದ ದೇಶ ಕಕ್ಷೆಯ ಎತ್ತರ, ಓರೆ, ಉದ್ದೇಶವನ್ನು ವಿಶ್ವಸಂಸ್ಥೆಗೆ ತಿಳಿಸಬೇಕು. ಅಮೆರಿಕದ ಎಕ್ಸ್-37ಬಿ ಎಂಬ ರಹಸ್ಯ ಸೇನಾ ನೌಕೆಯ ಕಕ್ಷೆಯನ್ನು ಯಾರೂ ಹೇಳುವುದಿಲ್ಲ. ಆದರೂ 2010ರಲ್ಲಿ ಅದು ಮೊದಲ ಸಲ ಹಾರಿದ ಕೆಲವೇ ವಾರಗಳಲ್ಲಿ ಹವ್ಯಾಸಿ ಆಕಾಶವೀಕ್ಷಕರು ಅದನ್ನು ಪತ್ತೆಹಚ್ಚಿದರು. 2023ರ ಕೊನೆಯಲ್ಲಿ ಹಿಂದೆಂದೂ ಹೋಗದ ಉದ್ದನೆಯ ಕಕ್ಷೆಗೆ ಹೋದಾಗ ಎರಡು ತಿಂಗಳೊಳಗೆ ಮತ್ತೆ ಸಿಕ್ಕಿಬಿತ್ತು. ಪೆಂಟಗನ್‌ಗೆ ಆಗದ್ದು ಹೋಟೆಲಿಗೆ ಆದೀತೆ? ಒಳಗಿರುವವರು ಯಾರೆಂದು ಊಹಿಸುವ ಆಟ ಶುರುವಾದರೆ ಅದು ಪ್ರಚಾರಕ್ಕಿಂತ ದೊಡ್ಡ ಪ್ರಚಾರ. ಹಿಂದಿರುಗುವ ದಿನವೂ ಅತಿಥಿಯ ಕೈಯಲ್ಲಿಲ್ಲ: ಹತ್ತು ದಿನಕ್ಕೆಂದು ಹೋದ ಆಕ್ಸಿಯಮ್‌ನ ಮೊದಲ ತಂಡ ಕೆಳಗಿನ ಹವಾಮಾನದಿಂದಾಗಿ ಹದಿನೇಳು ದಿನ ಮೇಲಿತ್ತು, ಎಂಟು ದಿನಕ್ಕೆಂದು ಹೋದ ಸುನಿತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ 286 ದಿನ ಉಳಿದರು. ಅಷ್ಟು ದಿನ ಕಂಪನಿಯ ಮುಖ್ಯಸ್ಥನೊಬ್ಬ ಎಲ್ಲಿದ್ದಾನೆಂದು ಷೇರುದಾರರಿಗೆ ಹೇಳದೆ ಇರಲಾದೀತೇ?

ಕಾನೂನು ಕೂಡ ಗುಟ್ಟಿನ ಕಡೆಗಿಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಆರನೆಯ ವಿಧಿ ಖಾಸಗಿ ಕಂಪನಿ ಮಾಡುವುದಕ್ಕೂ ಅದರ ದೇಶವನ್ನೇ ಹೊಣೆ ಮಾಡುತ್ತದೆ, ಅನುಮತಿಯ ಜತೆಗೆ ನಿರಂತರ ಮೇಲ್ವಿಚಾರಣೆಯನ್ನೂ ಕೇಳುತ್ತದೆ. ಆದರೆ ಅಮೆರಿಕದ ಒಳಗಿನ ಕಾನೂನು ಇದಕ್ಕೆ ಸರಿಯಾಗಿ ಹೊಂದಿಕೊಂಡಿಲ್ಲ. ಅಲ್ಲಿನ ವಿಮಾನಯಾನ ಇಲಾಖೆ ಉಡಾವಣೆಗೂ ಮರಳುವಿಕೆಗೂ ಪರವಾನಗಿ ಕೊಡುತ್ತದೆ. ಒಳಗಿರುವ ಪ್ರಯಾಣಿಕರ ಸುರಕ್ಷತೆಗೆ ನಿಯಮ ಮಾಡದಂತೆ ಸಂಸತ್ತೇ ಅದರ ಕೈಕಟ್ಟಿದೆ, ಆ ಕಟ್ಟು 2028ರ ಜನವರಿ 1ರವರೆಗೆ ಮುಂದುವರಿದಿದೆ. ಅಪಾಯ ಗೊತ್ತಿದೆ ಎಂದು ಅತಿಥಿ ಸಹಿ ಹಾಕಿದರೆ ಸಾಕು. ನಿಯಮ ಇಷ್ಟು ತೆಳುವಾಗಿರುವಾಗ ಸುರಕ್ಷತೆಗೆ ಉಳಿದಿರುವ ಕಾವಲು ಒಂದೇ, ಏನಾಯಿತೆಂದು ಎಲ್ಲರಿಗೂ ತಿಳಿಯುವುದು. ಅದನ್ನೂ ಗ್ರಾಹಕರ ಗೌಪ್ಯತೆಯ ಹೆಸರಿನಲ್ಲಿ ಮುಚ್ಚಿದರೆ ಏನೂ ಉಳಿಯುವುದಿಲ್ಲ. ಮೇಲಾಗಿ ಈ ನಿಲ್ದಾಣಗಳು ಪೂರ್ತಿ ಸ್ವಂತ ದುಡ್ಡಿನವಲ್ಲ. ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಬದಲಿ ಬೇಕೆಂದು ನಾಸಾ ಆಕ್ಸಿಯಮ್, ಬ್ಲೂ ಒರಿಜಿನ್, ಸ್ಟಾರ್‌ಲ್ಯಾಬ್ ಯೋಜನೆಗಳಿಗೆ ತಲಾ ಹತ್ತಾರು ಕೋಟಿ ಡಾಲರ್ ಒದಗಿಸಿದೆ. ತೆರಿಗೆದಾರರ ದುಡ್ಡು ಸೇರಿದ ಮನೆಯಲ್ಲಿ ಏನು ಕೆಟ್ಟಿತು ಎಂಬುದು ಖಾಸಗಿ ವಿಷಯವಾಗಲಾರದು.

ಇನ್ನೊಂದು ಆಕ್ಷೇಪ ಹೆಚ್ಚು ನ್ಯಾಯವಾದದ್ದು. ಸಿರಿವಂತರ ಚಪಲದ ಹಣ ಬಂದರೆ ಬರಲಿ, ಅದರಿಂದ ದರ ಇಳಿದು ನಾಳೆ ವಿಜ್ಞಾನಕ್ಕೆ, ಬಡ ದೇಶಗಳಿಗೆ ದಾರಿ ತೆರೆಯುತ್ತದೆ. ವಿಮಾನಯಾನ ಬೆಳೆದದ್ದು ಹೀಗೆಯೇ ಅಲ್ಲವೇ? ಆಕ್ಸಿಯಮ್‌ನ ನಾಲ್ಕು ಯಾನಗಳ ಪ್ರಯಾಣಿಕರ ಪಟ್ಟಿ ಇದಕ್ಕೆ ಕುತೂಹಲದ ಉತ್ತರ ಕೊಡುತ್ತದೆ. 2022ರ ಮೊದಲ ಯಾನದಲ್ಲಿ ಕಮಾಂಡರ್ ಬಿಟ್ಟರೆ ಮೂವರೂ ಸ್ವಂತ ಹಣದ ಉದ್ಯಮಿಗಳು. ತಾವು ಪ್ರವಾಸಿಗಳಲ್ಲ, ಕೆಲಸಕ್ಕೆ ಬಂದವರು ಎಂದು ಅವರು ಒತ್ತಿ ಹೇಳಿದರು, ವೇಳಾಪಟ್ಟಿಯನ್ನು ಅಷ್ಟೇ ಬಿಗಿಯಾಗಿ ತುಂಬಿಕೊಂಡರು; ಅದನ್ನು ಸಂಭಾಳಿಸುವುದರಲ್ಲಿ ನಿಲ್ದಾಣದ ಕಾಯಂ ಸಿಬ್ಬಂದಿಯ ಮೇಲೂ ಹೊರೆ ಬಿತ್ತು. ಆಮೇಲೆ ನಾಸಾ, ಇಂಥ ಯಾನಗಳಿಗೆ ತನ್ನ ಮಾಜಿ ಗಗನಯಾತ್ರಿಯೇ ಕಮಾಂಡರ್ ಆಗಬೇಕೆಂದು ವಿಧಿಸಿತು. 2023ರ ಎರಡನೆಯ ಯಾನದಲ್ಲಿ ಸ್ವಂತ ಹಣದವರು ಒಬ್ಬರು, ಇಬ್ಬರನ್ನು ಸೌದಿ ಅರೇಬಿಯಾ ಕಳಿಸಿತ್ತು. ಮೂರನೆಯದರಲ್ಲಿ ಇಟಲಿ, ತುರ್ಕಿ, ಸ್ವೀಡನ್. 2025ರ ಜೂನ್‌ನಲ್ಲಿ ಹೊರಟ ನಾಲ್ಕನೆಯದರಲ್ಲಿ ಭಾರತ, ಪೋಲೆಂಡ್, ಹಂಗೆರಿ. ಸಿರಿವಂತರಿಗೆಂದು ಹಾಕಿದ ಅಂಗಡಿಯಲ್ಲಿ ಮೂರು ವರ್ಷದೊಳಗೆ ಸರ್ಕಾರಗಳೇ ಗಿರಾಕಿಗಳಾದವು. ಅದರಲ್ಲಿ ಹೋದ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅವರ ಆಸನ, ತರಬೇತಿಗೆಲ್ಲ ದೇಶ ಸುಮಾರು 550 ಕೋಟಿ ರೂಪಾಯಿ ಖರ್ಚು ಮಾಡಿದೆ ಎಂದು ವರದಿಯಾಯಿತು. ಅವರ ಜತೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯದ ಬೀಜಗಳೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಾರ್ಡಿಗ್ರೇಡ್ ಎಂಬ ಸೂಕ್ಷ್ಮಜೀವಿಗಳೂ ಹೋಗಿದ್ದವು. ಮೊಳಕೆಯೊಡೆದ ಕಾಳಿನ ತಟ್ಟೆಯನ್ನು ಹಿಡಿದ ಶುಕ್ಲಾ ಅವರ ಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬಂತು. ಈ ಗಿರಾಕಿಗೆ ಬೇಕಾದದ್ದು ಗುಟ್ಟಿಗೆ ತದ್ವಿರುದ್ಧ. ದುಡ್ಡು ಕೊಟ್ಟ ದೇಶ ತನ್ನ ಮನುಷ್ಯ ಮೇಲಿರುವುದನ್ನು ನೋಡಬೇಕು, ಮಕ್ಕಳು ಅವನೊಡನೆ ಮಾತಾಡಬೇಕು, ಫಲಿತಾಂಶ ಪ್ರಕಟವಾಗಬೇಕು. ದರ ಇಳಿಸುವ ಗಿರಾಕಿಯೂ ಇವನೇ ಆಗಿರುವಾಗ, ಅಡಗುವವರಿಗೆಂದು ವಿನ್ಯಾಸ ಮಾಡಿದ ನಿಲ್ದಾಣ ವಿಜ್ಞಾನಕ್ಕೆ ದಾರಿ ತೆರೆಯುತ್ತದೆ ಎಂಬ ಮಾತು ನಿಲ್ಲುವುದಿಲ್ಲ.

ಹಾಗಾದರೆ ಮೇಲೆ ಹೋದವರಿಗೆ ಖಾಸಗಿ ಬದುಕೇ ಬೇಡವೇ? ಬೇಕು, ಅದೂ ಸಿರಿವಂತರಿಗಿಂತ ಹೆಚ್ಚಾಗಿ ಸಂಬಳಕ್ಕೆ ಹೋಗುವ ಕಮಾಂಡರಿಗೆ, ಸರ್ಕಾರ ಕಳಿಸಿದ ಯಾತ್ರಿಗೆ. ಹೆಸರು, ಇರುವ ಜಾಗ, ನೌಕೆಯ ದೋಷ ಇವು ಗುಟ್ಟಾಗಿರಲಾರವು. ದೇಹದ ವಿವರ, ಮನೆಯವರೊಡನೆ ಆಡಿದ ಮಾತು, ಖಿನ್ನತೆಯ ಒಂದು ಸಂಜೆ ಇವು ಗುಟ್ಟಾಗಿಯೇ ಇರಬೇಕು. ಮಾರಾಟದ ಜಾಹೀರಾತು ಮೊದಲನೆಯದನ್ನು ಕೊಡುತ್ತೇನೆಂದು ಹೇಳಿ ಎರಡನೆಯದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಇನ್‌ಸ್ಪಿರೇಷನ್-4ರ ನಾಲ್ವರ ರಕ್ತ, ಚರ್ಮ, ಜೀನುಗಳ ಮಾದರಿ 2024ರಲ್ಲಿ ನೇಚರ್ ಬಳಗದ ಪತ್ರಿಕೆಗಳಲ್ಲಿ ಪ್ರಕಟವಾದ ದೊಡ್ಡದೊಂದು ಬಾಹ್ಯಾಕಾಶ ವೈದ್ಯಕೀಯ ಸಂಗ್ರಹಕ್ಕೆ ಅಡಿಪಾಯವಾಯಿತು. ಹೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನ ಸಂಶೋಧನಾ ಸಂಸ್ಥೆಯೊಂದು ಖಾಸಗಿ ಯಾತ್ರಿಗಳ ಆರೋಗ್ಯ ಮಾಹಿತಿಯನ್ನು ಒಂದೆಡೆ ಕೂಡಿಡುತ್ತಿದೆ. ವಿಜ್ಞಾನಕ್ಕೆ ಇದು ಅಮೂಲ್ಯ. ಆ ನಾಲ್ವರು ಒಪ್ಪಿಯೇ ಕೊಟ್ಟರು. ಆದರೆ ಮಾದರಿ ಕೊಡುವವರೇ ಬೆರಳೆಣಿಕೆಯಷ್ಟಿರುವಾಗ ಹೆಸರು ತೆಗೆದ ಮಾಹಿತಿಯೂ ಹೆಸರಿರುವ ಮಾಹಿತಿಯೇ ಎಂಬುದನ್ನು ಕುತ್ತಿಗೆಯ ಹೆಪ್ಪಿನ ಪ್ರಕರಣ ತೋರಿಸಿಕೊಟ್ಟಿದೆ.

ನಮಗೆ ಇದು ದೂರದ ಮಾತಾಗಿ ಬಹುಕಾಲ ಉಳಿಯುವುದಿಲ್ಲ. ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕವನ್ನು 2028ಕ್ಕೆ, ಪೂರ್ಣ ನಿಲ್ದಾಣವನ್ನು 2035ಕ್ಕೆ ಮೇಲೇರಿಸುವ ಗುರಿ ಇದೆ. ಮಾನವಸಹಿತ ಯಾನದ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ಅಲ್ಲಿಯೂ ಒಂದು ದಿನ ಹಣ ಕೊಟ್ಟ ಅತಿಥಿ ಬಾಗಿಲು ತಟ್ಟುತ್ತಾನೆ. ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡು 2017ರಲ್ಲಿ ಹೊರಬಂದು ಇನ್ನೂ ಕಾಯ್ದೆಯಾಗಿಲ್ಲ. ಅದನ್ನು ಮತ್ತೆ ಕೈಗೆತ್ತಿಕೊಳ್ಳುವವರು ಬರೆಯಬೇಕಾದ ಎರಡು ಕಲಮುಗಳು ಸ್ಪಷ್ಟವಾಗಿಯೇ ಇವೆ: ಭಾರತದ ಪರವಾನಗಿಯಲ್ಲಿ ಹೋದ ಯಾವ ನೌಕೆಯಲ್ಲಿ ಏನೇ ಕೆಟ್ಟರೂ ಯಾವ ಗೌಪ್ಯತೆಯ ಕರಾರಿನ ಅಡ್ಡಿಯೂ ಇಲ್ಲದೆ ಆ ವರದಿ ನಿಗದಿತ ದಿನದೊಳಗೆ ಪ್ರಕಟವಾಗಬೇಕು, ಒಳಗಿದ್ದವರ ವೈದ್ಯಕೀಯ ಮಾಹಿತಿ, ಕೂಲಿಗೆ ಹೋದವರದಾಗಲಿ ದುಡ್ಡು ಕೊಟ್ಟು ಹೋದವರದಾಗಲಿ, ಅವರ ಲಿಖಿತ ಒಪ್ಪಿಗೆಯಿಲ್ಲದೆ ಕಂಪನಿಯ ಆಸ್ತಿಯಾಗಬಾರದು, ಒಪ್ಪಿಗೆ ಹಿಂತೆಗೆದುಕೊಳ್ಳುವ ಹಕ್ಕು ಕೆಳಗಿಳಿದ ಮೇಲೂ ಅವರಿಗೆ ಇರಬೇಕು.